ಎರಡನೇ ಬೋಲ್ಟು

ಹೆಣದ ಬಳಿ ಕೂತು ಅಳಬೇಕಾದ ಬಾಮೈದ, ರಸ್ತೆಯಲ್ಲಿ ಯಾರದೋ ಕಾರಿನ ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಬಿಚ್ಚುತ್ತಿದ್ದ. ಸ್ಪ್ಯಾನರ್ ಎರಡು ಸಲ ಜಾರಿತು.

"ತಲೆಗಿಲೆ ಕೆಟ್ಟಿದ್ಯೇನೋ?" ಸತ್ತವನ ಅಣ್ಣ ಗೇಟಿನಿಂದಲೇ ಗದರಿದರು. "ಭಾವನಿಗೆ ಹೆಗಲು ಕೊಡೋದು ಬಿಟ್ಟು ಇಲ್ಲಿ ಗ್ಯಾರೇಜ್ ತೆರೆದಿದ್ದೀಯಲ್ಲ! ಹೊತ್ತಾಗ್ತಿದೆ."

"ಹತ್ತೇ ನಿಮಿಷ, ದೊಡ್ಡಣ್ಣ."

ಕಾರಿನ ಒಡತಿ ಟೀಚರು ಪಕ್ಕದಲ್ಲಿ ಪೆಚ್ಚಾಗಿ ನಿಂತಿದ್ದರು. ಸತ್ತ ಮೇಸ್ತ್ರಿಯ ಮುಖ ಕೊನೆಯ ಸಲ ನೋಡಿ ಹೋಗೋಣವೆಂದು, ನಿನ್ನೆ ಅವನೇ ರಿಪೇರಿ ಮಾಡಿದ ಕಾರಿನಲ್ಲಿ, ಮಕ್ಕಳಿಬ್ಬರನ್ನು ಕೂರಿಸಿಕೊಂಡು ಬಂದಿದ್ದರು. ಆ ಕಾರು ಕಂಡದ್ದೇ ಬಾಮೈದ ಹೆಣದ ಬಳಿಯಿಂದ ಎದ್ದು ಓಡಿ ಬಂದಿದ್ದ.

*

ಸ್ಟಿಯರಿಂಗಿನ ಏರ್‌ಬ್ಯಾಗನ್ನು ಹಿಂದಿನಿಂದ ಹಿಡಿದಿಡುವುದು ಎರಡೇ ಬೋಲ್ಟು. ಭಾವ ಎರಡನ್ನೂ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ರೆಂಚ್ ಹಿಡಿಯುತ್ತಿದ್ದ. ಎಷ್ಟು ಬಿಗಿ ಬೇಕೋ ಅಷ್ಟಾದೊಡನೆ ಅದು 'ಟಕ್' ಎನ್ನುತ್ತದೆ. "ಕೈ ಅಂದಾಜು ಅಡುಗೆಗೆ ಸಾಕು ಕಣೋ, ಇದಕ್ಕಲ್ಲ. ಹೆಚ್ಚಾದ್ರೆ ಬೋಲ್ಟ್ ಮುರಿಯುತ್ತೆ, ಕಮ್ಮಿಯಾದ್ರೆ ಮನುಷ್ಯನ್ನ ಮುರಿಯುತ್ತೆ" ಎನ್ನುತ್ತಿದ್ದ.

ಇಂಥವನ ಕೆಲಸವನ್ನು ಪರೀಕ್ಷಿಸುವುದು ಬಾಮೈದನ ಪಾಲಿಗೆ ಬಂದಿತ್ತು. ಭಾವನ ಬಿಗಿ ಎಂದಾದರೂ ತಪ್ಪಿದ್ದರೆ ತಾನೆ? ಹಾಗಾಗಿ ಈ ಮಹಾಶಯ ದಿನದ ತಪಾಸಣೆ ಹಾಳೆಗಳಿಗೆಲ್ಲ ಬೆಳಿಗ್ಗೆಯೇ 'ಬಿಗಿ ಸರಿಯಿದೆ' ಎಂದು ಬರೆದು, ಸಹಿ ಜಡಿದು ಹಾಯಾಗಿರುತ್ತಿದ್ದ. ನಿನ್ನೆ ಮಧ್ಯಾಹ್ನ ಭಾವ ಟೀಚರ ಕಾರಿಗೆ ಏರ್‌ಬ್ಯಾಗ್ ಕೂರಿಸುತ್ತಿದ್ದಾಗ, ಚಹಾ ಕುಡಿಯುತ್ತಿದ್ದ ಇವನಿಗೆ ಒಂದು 'ಟಕ್' ಕೇಳಿಸಿತು. ಎರಡನೆಯದು ಕೇಳಿಸಿತೋ ಇಲ್ಲವೋ, ಆಣೆ ಮಾಡಿ ಹೇಳಲಾರ. ಭಾವ ಎದೆ ಒತ್ತಿಕೊಂಡು ಕುಸಿದಿದ್ದ. ಆ ಗದ್ದಲದಲ್ಲಿ ಯಾರೋ ಹಾಳೆ ನೋಡಿ ಟೀಚರಿಗೆ ಕೀ ಕೊಟ್ಟುಬಿಟ್ಟರು.

*

"ನೋಡೋದಿದ್ರೆ ಬೇಗ ನೋಡಿ ಮುಗಿಸು" ಎಂದರು ದೊಡ್ಡಣ್ಣ.

"ಆಗಲ್ಲ. ತಂತಿ ಬಿಚ್ಚಿದ್ರೂ ಸ್ವಲ್ಪ ಹೊತ್ತು ಒಳಗೆ ಕರೆಂಟ್ ಇರುತ್ತೆ. ಅವಸರ ಮಾಡಿದ್ರೆ ಏರ್‌ಬ್ಯಾಗ್ ಮುಖಕ್ಕೇ ಸಿಡೀಬಹುದು."

ಅಷ್ಟರಲ್ಲಿ ಅಕ್ಕ ಹೊರಗೆ ಬಂದಳು. ಗಂಡನ ಮುಖ ಬಿಟ್ಟು ಎದ್ದದ್ದು ಅದೇ ಮೊದಲು. ತಮ್ಮ, ತಲೆ ತಗ್ಗಿಸಿ, ಅವಳಿಗೆ ಎಲ್ಲವನ್ನೂ ಹೇಳಿದ. ಹಾಳೆಯ ವಿಷಯವನ್ನೂ ಮುಚ್ಚಿಡಲಿಲ್ಲ.

ಅಕ್ಕ ಬೈಯಲಿಲ್ಲ. ಜನರ ಕಡೆ ತಿರುಗಿ, "ಎಲ್ಲರೂ ಕೂತ್ಕೊಳ್ಳಿ" ಎಂದಳು. "ಊಟಕ್ಕೆ ಕರೆದ್ರೂ ಒಂದು ಗಂಟೆ ಬಿಟ್ಟು ಬರ್ತಿದ್ದ ಮನುಷ್ಯ. ಇವತ್ತೇನು ಅವಸರ ಅವರಿಗೆ?"

ಯಾರೋ ನಗಲು ಹೋಗಿ ಬಾಯಿ ಮುಚ್ಚಿಕೊಂಡರು.

ಹತ್ತು ನಿಮಿಷವೆಂದರೆ ಹತ್ತು ಯುಗವಾಯಿತು. ಗ್ಯಾರೇಜಿನವರು ನಿನ್ನೆ ಹೆಣದ ಜೊತೆಗೇ ತಂದಿಟ್ಟಿದ್ದ ಸಲಕರಣೆ ಪೆಟ್ಟಿಗೆಯಿಂದ ಅವನು ಭಾವನ ರೆಂಚ್ ತೆಗೆದ. ಎಡಗಡೆಯ ಬೋಲ್ಟಿಗೆ ಹಿಡಿದು ಒತ್ತಿದ. ಕೂಡಲೇ ಟಕ್. ಬಲಗಡೆಯದಕ್ಕೆ ಹಿಡಿದ. ರೆಂಚ್ ಸಲೀಸಾಗಿ ತಿರುಗಿತು. ಒಂದು ಸುತ್ತು, ಮತ್ತರ್ಧ. ಆಮೇಲೆ ಟಕ್.

"ಏನಾಯ್ತು?" ಟೀಚರ ದನಿ ಸಣ್ಣಗಾಗಿತ್ತು.

"ಒಂದು ಸಡಿಲ ಇತ್ತು" ಎಂದ ಅವನು, ಎಲ್ಲರಿಗೂ ಕೇಳುವಂತೆ. "ಅಪಘಾತ ಆಗಿದ್ರೆ ಏರ್‌ಬ್ಯಾಗೇ ನಿಮ್ಮ ಮುಖಕ್ಕೆ ಕಿತ್ತು ಬರ್ತಿತ್ತು. ನೋಡದೆ ಸಹಿ ಹಾಕಿದವನು ನಾನು. ಭಾವನದೇನೂ ತಪ್ಪಿಲ್ಲ."

ಟೀಚರು ಮಕ್ಕಳಿಬ್ಬರನ್ನೂ ಹತ್ತಿರಕ್ಕೆ ಎಳೆದುಕೊಂಡರು.

ಅಕ್ಕ ಕಾರಿನ ಬಾಗಿಲ ಬಳಿ ಬಂದು ಬಗ್ಗಿದಳು. "ಅವರು ಬಿಗಿ ಮಾಡಿದ್ದು ಯಾವುದು?"

ಅವನು ಅವಳ ಕೈ ಹಿಡಿದು ಸ್ಟಿಯರಿಂಗಿನ ಹಿಂದಕ್ಕೆ ಒಯ್ದು, ಎಡಗಡೆಯ ಬೋಲ್ಟಿನ ತಲೆಯ ಮೇಲೆ ಬೆರಳಿಡಿಸಿದ. ಅವಳು ಬೆರಳನ್ನು ಅಲ್ಲೇ ಒತ್ತಿಕೊಂಡು ನಿಂತಳು. ದೊಡ್ಡಣ್ಣ ಗಡಿಯಾರ ನೋಡಿಕೊಂಡರು, ಕರೆಯಲಿಲ್ಲ.