ಗೋಡೆಗೆ ಮೂರು ಸಲ, ಅಮ್ಮನಿಗೆ ಒಂದೇ ಸಲ

“ಲೋ ಸುಣ್ಣದವನೇ, ಕತ್ತೆಗೆ ಓದು ಬರಲ್ಲ ಸರಿ, ಗಡಿಯಾರ ನೋಡೋಕೂ ಬರಲ್ವೇನೋ?”

ಮೂಳೆ ವಿಭಾಗದ ಮುಂದೆ ಬೆಂಚುಗಳ ಮೇಲೆ ಕೂತಿದ್ದ ಇಪ್ಪತ್ತು ಜನವೂ ನಕ್ಕರು. ಕಾಲು ಮುರಿದುಕೊಂಡವನೊಬ್ಬ ಊರುಗೋಲನ್ನು ನೆಲಕ್ಕೆ ಬಡಿದು ನಕ್ಕ. ಬೈದವನು ಡಾಕ್ಟರೂ ಅಲ್ಲ. ಮುರಿದ ಕೈಕಾಲಿಗೆ ಪ್ಲಾಸ್ಟರ್ ಕಟ್ಟುವ ಮುದುಕ, ಎಲ್ಲರ ಬಾಯಲ್ಲೂ ಕಟ್ಟಣ್ಣ. ಅವನ ಕೈಯಲ್ಲಿ ನನ್ನ ಅಮ್ಮನ ಹೊಸ ಎಕ್ಸ್‌ರೇ ಇತ್ತು.

ಅಮ್ಮ ಹತ್ತಿ ಗೋದಾಮಿನಲ್ಲಿ ಹಾಸಿಗೆ ಹೊಲಿಯುವವಳು. ಗೇಣುದ್ದದ ಸೂಜಿಯನ್ನು ದಪ್ಪ ಹತ್ತಿಯೊಳಗೆ ತಳ್ಳಿ ಎಳೆಯಲು ಬಲಗೈ ಮಣಿಕಟ್ಟೇ ಆಧಾರ. ಒದ್ದೆ ಮೆಟ್ಟಿಲಲ್ಲಿ ಜಾರಿ ಅದನ್ನೇ ಮುರಿದುಕೊಂಡಿದ್ದಳು. ಮೂರು ವಾರವಾದರೂ ಮೂಳೆ ಕೂಡುವ ಲಕ್ಷಣವಿರಲಿಲ್ಲ. ಇನ್ನು ನಾಲ್ಕು ವಾರ ನೋಡುತ್ತೇವೆ, ಕೂಡದಿದ್ದರೆ ಕೊಯ್ದು ತಗಡು ಹಾಕಬೇಕು, ಆಮೇಲೆ ಸೂಜಿ ಹಿಡಿಯುತ್ತಾಳೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಒಳಗೆ ಹೋಗಿದ್ದರು. ಮಾತ್ರೆ ಹೇಗೆ ಕೊಟ್ಟೆ ಎಂದು ಕಟ್ಟಣ್ಣ ಕೇಳಿದ. ಇದ್ದದ್ದನ್ನೇ ಹೇಳಿದೆ: ದಿನದ ಮೂರೂ ಕ್ಯಾಲ್ಸಿಯಂ ಮಾತ್ರೆ ಬೆಳಿಗ್ಗೆ ಒಟ್ಟಿಗೆ, ಕಬ್ಬಿಣದ ಮಾತ್ರೆಯನ್ನೂ ಸೇರಿಸಿ, ಟೀ ಜೊತೆ. ಅದಕ್ಕೇ ಆ ಬೈಗುಳ.

ನಾನೇನು ಮಾಡಲಿ? ಬೆಳಗಾಗುತ್ತಲೇ ಸುಣ್ಣದ ಬಕೆಟ್ ಹಿಡಿದು ಹೊರಟರೆ ಮತ್ತೆ ಮನೆ ಕಾಣುವುದು ಸಂಜೆಗೆ. ಒಂದೇ ಕೈಯಲ್ಲಿ ಅಮ್ಮನಿಗೆ ಮಾತ್ರೆಯ ಹಾಳೆ ಒಡೆಯಲು ಬರುವುದಿಲ್ಲ. ಈ ಮುದುಕನಿಗೆ ಇದೆಲ್ಲ ಗೊತ್ತೇ? ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿ ನಿಂತೆ.

“ಕಚ್ಚು, ಕಚ್ಚು! ಆ ಹಲ್ಲೂ ಅವಳು ಕೊಟ್ಟಿದ್ದೇ. ನೀನು ಹೊಟ್ಟೇಲಿದ್ದಾಗ ಅದಕ್ಕೆ ಬೇಕಾದ ಕ್ಯಾಲ್ಸಿಯಂನ ಅವಳ ಮೈಯಿಂದಾನೇ ಎಳ್ಕೊಂಡಿದ್ದು,” ಎಂದ ಕಟ್ಟಣ್ಣ.

“ಇನ್ನೆರಡು ಬಯ್ಯಿ ಅಣ್ಣಾ,” ಎಂದಳು ಅಮ್ಮ. “ನಾನು ಹೇಳಿದ್ರೆ ಕೇಳಲ್ಲ.”

ಅವನು ನಮ್ಮನ್ನು ಪ್ಲಾಸ್ಟರ್ ಕೋಣೆಗೆ ಕರೆದೊಯ್ದ. ಬಿಳಿ ಪುಡಿ ಮೆತ್ತಿದ ಪಟ್ಟಿಯನ್ನು ನೀರಿಗದ್ದಿ ನನ್ನ ಅಂಗೈಗೆ ಒತ್ತಿದ. ಬಿಸಿಯಾಗುತ್ತಾ ಗಟ್ಟಿಯಾಯಿತು.

“ಇದರಲ್ಲೂ ಕ್ಯಾಲ್ಸಿಯಂ, ನಿನ್ನ ಸುಣ್ಣದಲ್ಲೂ ಅದೇ, ನಿಮ್ಮಮ್ಮನ ಮೂಳೇಲೂ ಅದೇ. ಹಂಗಂತ ಸುಣ್ಣ ತಿನ್ನಿಸೀಯ, ಜೋಕೆ! ಗೋಡೆಗೆ ದಪ್ಪಗೆ ಒಂದೇ ಸಲ ಬಳೀತೀಯಾ?”

“ಬಳಿದ್ರೆ ಸಿಪ್ಪೆ ಏಳುತ್ತೆ,” ಎಂದೆ. “ತೆಳ್ಳಗೆ ಮೂರು ಸಲ.”

“ಗೋಡೆ ಕಣ್ಣಿಗೆ ಬೆಣ್ಣೆ, ಅಮ್ಮನ ಕಣ್ಣಿಗೆ ಸುಣ್ಣ! ಹೊಟ್ಟೇನೂ ಹಂಗೇ. ಒಂದೇ ಸಲ ಸುರಿದ್ರೆ ಸ್ವಲ್ಪ ಹಿಡ್ಕೊಂಡು ಮಿಕ್ಕಿದ್ದನ್ನ ಆಚೆ ತಳ್ಳುತ್ತೆ. ಕಬ್ಬಿಣ ಜೊತೇಲಿದ್ರೆ ಎರಡೂ ಕಿತ್ತಾಡ್ತವೆ. ಬಿಸಿಲು ಬೀಳದಿದ್ರೆ ಹೀರ್ಕೊಳ್ಳೋ ಶಕ್ತೀನೇ ಕಮ್ಮಿ. ಇವಳೋ ಹತ್ತಿ ಗೋದಾಮಲ್ಲಿ ಬಿಸಿಲೇ ಕಾಣದೋಳು.” ಅವನ ದನಿ ತಗ್ಗಿತು. “ಎದೆ ಬಡೀಬೇಕಾದ್ರೂ ಕ್ಯಾಲ್ಸಿಯಂ ಬೇಕು ಕಣೋ. ಊಟದಿಂದ ಬರದಿದ್ರೆ ಮೂಳೆ ತನ್ನದನ್ನೇ ಬಿಚ್ಚಿ ರಕ್ತಕ್ಕೆ ಕೊಡುತ್ತೆ. ತಾನು ಟೊಳ್ಳಾದ್ರೂ ಎದೆ ನಿಲ್ಲೋಕೆ ಬಿಡಲ್ಲ.”

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ದಿನಾ ಸಂಜೆ ಉಗುರಿನ ಸಂದಿಯಿಂದ ಕೆರೆದು ಚರಂಡಿಗೆ ಬಿಡುವ ಬಿಳುಪಿನಲ್ಲಿರುವುದೇ, ಅಮ್ಮನೊಳಗೆ ಸದ್ದಿಲ್ಲದೆ ಇಷ್ಟು ದುಡಿಯುತ್ತಿತ್ತು. ಅವಳ ಮೂಳೆಯೂ ಅವಳಂತೆಯೇ: ತಾನು ಸವೆದದ್ದನ್ನು ಯಾರಿಗೂ ಹೇಳದೆ, ಮುರಿಯುವ ತನಕ.

ಮರುದಿನದಿಂದ ಹೊರಡುವ ಮುನ್ನ ಮಾತ್ರೆ ಬಿಡಿಸಿ ಮೂರು ಡಬ್ಬಿ ಮುಚ್ಚಳಗಳಲ್ಲಿಡತೊಡಗಿದೆ, ಊಟಕ್ಕೊಂದು. ಕಬ್ಬಿಣದ ಮಾತ್ರೆ ಮಲಗುವ ಹೊತ್ತಿಗೆ. ಹಿತ್ತಲಲ್ಲಿ, ಬಿಸಿಲು ಬೀಳುವ ಕಡೆ, ಅಮ್ಮನಿಗೆ ಕುರ್ಚಿ ಹಾಕಿದೆ. “ನನ್ನೇನು ಹಪ್ಪಳ ಅಂದ್ಕೊಂಡ್ಯಾ?” ಎನ್ನುತ್ತಲೇ ಕೂತಳು.

ನಾಲ್ಕು ವಾರದ ನಂತರ ಅದೇ ಬೆಂಚುಗಳು. ಎಕ್ಸ್‌ರೇಯಲ್ಲಿ ಬಿರುಕಿದ್ದ ಕಡೆ ಬೆಳ್ಳನೆ ಮೋಡ ತುಂಬಿತ್ತು. ಡಾಕ್ಟರು ತಲೆಯಾಡಿಸಿ, ತಗಡು ಬೇಡ ಎಂದರು. ಕಟ್ಟಣ್ಣ ಪ್ಲಾಸ್ಟರ್ ಕತ್ತರಿಸಿದ. ಸೊರಗಿದ ಬಲಗೈಯನ್ನು ಅಮ್ಮ ಎರಡು ಸಲ ಮಡಚಿ ಬಿಚ್ಚಿದಳು, ಆಮೇಲೆ ಅದರಲ್ಲೇ ನನ್ನ ಕಿವಿ ಹಿಡಿದು ಹಿಂಡಿದಳು.

“ನೋವಾಗುತ್ತಾ?”

“ಹೂಂ.”

“ಹಂಗಾದ್ರೆ ಸೂಜೀನೂ ಹಿಡೀಬಹುದು.”

ಹೊರಗೆ ಬಂದಾಗ ಕಟ್ಟಣ್ಣ ಬಾಗಿಲಿಂದಲೇ ಕೂಗಿದ: “ಏನೋ ಸುಣ್ಣದವನೇ, ಈಗ ಹೇಳು, ಯಾರೋ ಕತ್ತೆ?”

ಬೆಂಚುಗಳೆಲ್ಲ ನನ್ನತ್ತ ತಿರುಗಿದವು. ಅಮ್ಮನ ಬಲಗೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ನಾನು ಅವಳನ್ನು ಬಿಸಿಲಿನ ಕಡೆಗೆ ನಡೆಸಿಕೊಂಡು ಹೋದೆ.