ನೀರಾನೆಯ ಮೇಲೆ ಕೆನ್ನೆ

ಪೋಸ್ಟರಿನಲ್ಲಿದ್ದ ಮನುಷ್ಯ ಬಾಯಿ ತೆರೆದು ಮಲಗಿದ್ದ. ಬಸ್ಸಿನ ಸ್ಟೀರಿಂಗ್ ಮೇಲೆ ಒಂದು ಬೊಂಬೆ, ಬೊಂಬೆಯ ಮೇಲೆ ಅವನ ಕೆನ್ನೆ. ತಲೆಯ ಮೇಲ್ಗಡೆ ಕೆಂಪು ಅಕ್ಷರಗಳಲ್ಲಿ, ‘ನಿಮಗೊಂದು ತೂಕಡಿಕೆ, ಐವತ್ತು ಜನರಿಗೆ ಕೊನೆಯ ನಿದ್ದೆ.’

“ನೀನೇ ತಾನೆ?” ಪ್ರೆಸ್ಸಿನವನು ಕೇಳಿದ.

ಡ್ರೈವರ್ ಕನ್ನಡಕ ಹಾಕಿಕೊಂಡು ನೋಡಿದ. ತೆಗೆದು ನೋಡಿದ. ಎರಡು ಸಲವೂ ಅವನೇ.

ಬಸ್ ಸಂಸ್ಥೆಯ ಕೇಂದ್ರ ಕಚೇರಿಯ ನೆಲಮಾಳಿಗೆಯಲ್ಲಿತ್ತು ಆ ಪ್ರೆಸ್ಸು. ಪ್ರೆಸ್ಸಿನವನೂ ಡ್ರೈವರನೂ ಶಾಲೆಯಲ್ಲಿ ಒಂದೇ ಬೆಂಚಿನವರು. ಅದಕ್ಕೇ ಪೋಸ್ಟರಿನ ಕರಡು ಕೈಗೆ ಬಂದ ಕೂಡಲೆ ಅವನು ಫೋನ್ ಮಾಡಿ, ಡ್ಯೂಟಿ ಮುಗಿಸಿ ನೇರ ಇಲ್ಲಿಗೆ ಬಾ ಎಂದಿದ್ದ.

“ಸುರಕ್ಷತಾ ವಿಭಾಗದ ಮೇಡಂ ಮಾಡಿಸ್ತಿರೋದು. ಅವರಿಗೆ ಇದು ಯಾರು ಅಂತ ಗೊತ್ತಿಲ್ಲ. ಎಲ್ಲರೂ ಸೇರಿ ಬರೆಯೋ ಆ ವಿಶ್ವಕೋಶದ ಸೈಟ್ ಇದೆಯಲ್ಲ, ಅಲ್ಲಿ ‘ಚಾಲಕರ ದಣಿವು’ ಅನ್ನೋ ಪುಟದಲ್ಲಿ ಸಿಕ್ಕಿತಂತೆ. ಫೋಟೋ ಫ್ರೀ, ಯಾರು ಬೇಕಾದ್ರೂ ತಗೋಬಹುದು. ಕೆಳಗೆ ನೋಡು, ತೆಗೆದವರ ಹೆಸರು ಚಿಕ್ಕದಾಗಿ ಹಾಕಿದ್ದಾರೆ. ‘ಕತ್ತರಿ’ ಅಂತ. ಇದೂ ಒಂದು ಹೆಸರೇನೋ?”

“ಅದು ಹೆಸರಲ್ಲ, ನನ್ನ ಹೆಂಡತಿಯ ತಮ್ಮ,” ಎಂದ ಡ್ರೈವರ್.

ಫೋಟೋ ತೆಗೆದದ್ದು ಊಟದ ಬಿಡುವಿನಲ್ಲಿ. ಗಾಡಿ ಡಿಪೋದೊಳಗೆ ನಿಂತಿತ್ತು. ಆದರೆ ಪೋಸ್ಟರಿನಲ್ಲಿ ಅದೆಲ್ಲ ಎಲ್ಲಿ ಕಾಣುತ್ತದೆ? ಅಲ್ಲಿದ್ದದ್ದು ಸಮವಸ್ತ್ರ, ಸ್ಟೀರಿಂಗ್, ತೆರೆದ ಬಾಯಿ. ಹೊಸ ಚಾಲಕರಿಗೆ ತರಬೇತಿ ಕೊಡುವ ಹುದ್ದೆಗೆ ಅವನು ಸಂದರ್ಶನ ಮುಗಿಸಿ ಕಾಯುತ್ತಿದ್ದ. ಬೆನ್ನು ಕೈಕೊಟ್ಟಿತ್ತು, ಹೀಗೇ ಸೀಟಿನಲ್ಲಿ ಕೂತರೆ ಮುಂದೆ ಎದ್ದು ನಿಲ್ಲುವುದೇ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆ ಹುದ್ದೆ ತಪ್ಪಿದರೆ ಕೆಲಸವನ್ನೇ ಬಿಡಬೇಕು. ಈ ಮುಖ ಎಲ್ಲ ಡಿಪೋಗಳ ಗೋಡೆ ಹತ್ತಿದ ಮೇಲೆ, ಬಸ್ಸು ಓಡಿಸುವುದು ಹೇಗೆಂದು ಕಲಿಸಲು ಇದೇ ಮುಖವನ್ನು ಯಾರು ಕರೆಯುತ್ತಾರೆ?

“ಮೇಡಂ ಹತ್ರ ಹೋಗಿ ಹೇಳಿಬಿಡು.”

“ಏನಂತ? ನಿದ್ದೆ ಹೊಡೀತಿರೋನು ನಾನೇ ಮೇಡಂ, ಚೆನ್ನಾಗಿ ಬಂದಿದೀನಾ ಅಂತ ಕೇಳ್ಲಾ?”

ಪ್ರೆಸ್ಸಿನವನು ನಗುವನ್ನು ಕೆಮ್ಮಿನಲ್ಲಿ ಮುಚ್ಚಿದ. “ಅಚ್ಚಿನ ಪ್ಲೇಟ್ ಮಾಡೋಕ್ಕೆ ಇನ್ನೂ ಸ್ವಲ್ಪ ದಿನ ಇದೆ. ಅದಕ್ಕೆ ಮುಂಚೆ ಫೋಟೋದ ಮೂಲ ನೋಡಿ ನಾನು ಸಹಿ ಹಾಕಬೇಕು. ಸರಿಯಾಗಿದ್ರೆ ಹಾಕಲೇಬೇಕು. ಅಷ್ಟರೊಳಗೆ ಏನಾದ್ರೂ ಮಾಡ್ಕೋ.”

ಭಾಮೈದ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು. ಅಕ್ಕ ಭಾವನ ಮನೆಯಲ್ಲೇ ಅವನ ವಾಸ. ಅಂಗಡಿ ಬಿಟ್ಟರೆ ಆ ಸೈಟು, ಸೈಟು ಬಿಟ್ಟರೆ ಅಂಗಡಿ. ಬೇರೆಯವರು ಹಾಕಿದ ಚಿತ್ರಗಳಲ್ಲಿ ಹಕ್ಕುಸ್ವಾಮ್ಯದ ತಕರಾರು ಹುಡುಕಿ ತೆಗೆಸುವುದರಲ್ಲಿ ಅವನದು ಎತ್ತಿದ ಕೈ. ಅಲ್ಲಿಯವರು ಸಿಟ್ಟಿನಿಂದ ಕತ್ತರಿ ಎಂದು ಕರೆದರು. ಅವನು ಅದನ್ನೇ ಬಿರುದಿನಂತೆ ಹಚ್ಚಿಕೊಂಡ.

ಆ ಸಂಜೆ ಅಕ್ಕ ಅವನನ್ನು ಬಾಗಿಲಲ್ಲೇ ಹಿಡಿದಳು.

“ಲೋ, ನಿಮ್ಮ ಭಾವನ ಮಾನ ಗೋಡೆಗೋಡೆಗೂ ಅಂಟ್ತಿದೆ. ಮೊದಲು ಆ ಫೋಟೋನ ಸೈಟಿಂದ ತೆಗಿ.”

“ಚಪ್ಪಲಿ ಬಿಡೋಕ್ಕಾದ್ರೂ ಬಿಡೇ.” ವಿಷಯವೆಲ್ಲ ಕೇಳಿ ಅವನು ಗೋಡೆಗೊರಗಿದ. “ತೆಗೆಯೋಕ್ಕಾಗಲ್ಲ ಅಕ್ಕ.”

“ಹಾಕಿದ್ದು ನೀನೇ ತಾನೆ?”

“ಹಾಕುವಾಗಲೇ ಎಲ್ಲರಿಗೂ ಕೊಟ್ಟುಬಿಟ್ಟೆ. ಯಾರು ಬೇಕಾದ್ರೂ, ಯಾವುದಕ್ಕೆ ಬೇಕಾದ್ರೂ ಬಳಸ್ಲಿ ಅಂತ. ಕೊಟ್ಟಮೇಲೆ ವಾಪಸ್ ಕೇಳೋ ಹಾಗಿಲ್ಲ. ಭಾವನ ಒಪ್ಪಿಗೆಯೂ ಇದೆ ಅಂತ ಬರೆದಿದ್ದೀನಿ.”

“ನಾನು ಯಾವಾಗಪ್ಪ ಒಪ್ಪಿದೆ?” ಎಂದ ಡ್ರೈವರ್.

“ನೀವೇ ಅಂದ್ರಲ್ಲ ಭಾವ, ‘ಹಾಕ್ಕೋ ಹೋಗು, ನನ್ನ ಮೂತಿ ಯಾರು ನೋಡ್ತಾರೆ’ ಅಂತ.”

ಡ್ರೈವರ್ ಅಂದಿದ್ದ. ಅದು ಅವನಿಗೆ ಚೆನ್ನಾಗಿ ನೆನಪಿತ್ತು.

ಭಾಮೈದ ಆದರೂ ಒಂದು ವಿನಂತಿ ಬರೆದು ಹಾಕಿದ. ಮರುದಿನವೇ ಉತ್ತರ ಬಂತು. ಚಿತ್ರ ಉಪಯುಕ್ತವಾಗಿದೆ, ಹಲವು ಭಾಷೆಗಳ ಪುಟಗಳಲ್ಲಿದೆ, ಹಾಕಿದವರ ಮನಸ್ಸು ಬದಲಾದದ್ದು ತೆಗೆಯಲು ಕಾರಣವಲ್ಲ. ಅದರ ಕೆಳಗೆ ಇನ್ನೊಬ್ಬ ಸೇರಿಸಿದ್ದ: ‘ಇದೇ ಮಾತು ನೀನು ನನಗೆ ಹೇಳಿದ್ದೆ. ನೆನಪಿದೆಯಾ, ಕತ್ತರಿ?’

ಮುಖವನ್ನಾದರೂ ಮಸುಕು ಮಾಡಬಹುದೇ ಎಂದು ಅವನು ಫೋಟೋವನ್ನು ದೊಡ್ಡದು ಮಾಡಿದ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅವನ ಹಿಂದೆ ಅಕ್ಕ, ಪಕ್ಕದಲ್ಲಿ ಭಾವ. ಮೂಗಿನ ರಂಧ್ರಗಳು ಪರದೆಯ ತುಂಬ ಬಂದವು. ಆಮೇಲೆ ತುಟಿ. ಆಮೇಲೆ ಕೆನ್ನೆ. ಕೆನ್ನೆಯ ಕೆಳಗೆ ಒತ್ತಿ ಅಗಲವಾಗಿದ್ದ ಇನ್ನೊಂದು ಮುಖ.

ಅಲ್ಲಿಗೆ ಭಾಮೈದನ ಕೈ ನಿಂತಿತು. ಲ್ಯಾಪ್‌ಟಾಪನ್ನು ಮೆಲ್ಲಗೆ ಅರ್ಧ ಮುಚ್ಚಿದ.

“ಏನೋ ಸಿಕ್ಕಿದೆ ನಿನಗೆ,” ಎಂದಳು ಅಕ್ಕ. “ಚಿಕ್ಕವನಿದ್ದಾಗ ಸಕ್ಕರೆ ಡಬ್ಬಿಗೆ ಕೈಹಾಕಿ ಸಿಕ್ಕಿಬಿದ್ರೆ ಹೀಗೇ ಕಿವಿ ಕೆಂಪಾಗ್ತಿತ್ತು. ಬಾಯಿಬಿಡು.”

“ನೀರಾನೆ,” ಎಂದ ಅವನು.

ರೇನ್‌ಕೋಟ್ ತೊಟ್ಟ ನೀರಾನೆ. ಟೀವಿಯ ಕಾರ್ಟೂನಿನದು. ಮಗಳು ದೊಡ್ಡವಳಾಗಿ ಇನ್ನು ಬೇಡ ಎಂದಮೇಲೆ ಡ್ರೈವರ್ ಅದನ್ನು ಬಸ್ಸಿಗೆ ಒಯ್ದಿದ್ದ. ತಲೆಗೆ ಅದರಷ್ಟು ಹಿತವಾದ ದಿಂಬು ಇನ್ನೊಂದಿರಲಿಲ್ಲ.

“ಬೊಂಬೆ ನಿಮ್ಮದು ಭಾವ. ಅದರ ರೂಪ ಕಾರ್ಟೂನ್ ಕಂಪನಿಯದು. ಅದು ಮುಖ್ಯವಾಗಿ ಕಾಣೋ ಫೋಟೋನ ‘ತಗೊಳ್ಳಿ, ಫ್ರೀ’ ಅಂತ ಹಂಚೋ ಹಕ್ಕು ನನಗಿರಲಿಲ್ಲ. ಇದೇ ಕಾರಣಕ್ಕೆ ನಾನು ಎಷ್ಟು ಜನರ ಫೋಟೋನ ಸೈಟಿಂದ ತೆಗೆಸಿದ್ದೀನೋ! ನನ್ನದೇ ಕಣ್ಣಿಗೆ ಬೀಳಲಿಲ್ಲ.”

“ಅಂದ್ರೆ ತೆಗೀತಾರಾ?”

“ತೆಗೀಬೇಕು.”

“ಮತ್ತೆ ಹರಳೆಣ್ಣೆ ಕುಡಿದವನ ಹಾಗೆ ಯಾಕೋ ಕೂತಿದ್ದೀಯ?”

ಅವನು ಸುತ್ತಿ ಬಳಸಿ ಹೇಳಿದ. ಭಾನುವಾರಗಳಂದು ಆಟಿಕೆ ಪ್ರದರ್ಶನಗಳಿಗೆ ಅಲೆದು ಅವನು ತೆಗೆದ ನೂರಾರು ಚಿತ್ರಗಳು ಅದೇ ಸೈಟಿನಲ್ಲಿದ್ದವು. ತಗಡಿನ ರೈಲು, ಮರದ ಕುದುರೆಗಳ ಜೊತೆಗೆ ಇಂಥ ಕಂಪನಿ ಬೊಂಬೆಗಳೂ ಬೇಕಾದಷ್ಟು. ಅವು ಹಳೆಯವು, ಯಾರೂ ಕೇಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಈಗ ನೀರಾನೆಯ ಮಾತೆತ್ತಿದರೆ, ಅವನ ಮೇಲೆ ಹಲ್ಲು ಮಸೆಯುತ್ತಿದ್ದವರೆಲ್ಲ ನೇರ ಅಲ್ಲಿಗೇ ಬರುತ್ತಾರೆ.

“ಬೇಡ ಬಿಡೋ,” ಎಂದ ಡ್ರೈವರ್. “ಅಷ್ಟು ವರ್ಷದ ಭಾನುವಾರ ನಿಂದು. ನಾನು ಮೇಡಂ ಕಾಲಿಗೇ ಬೀಳ್ತೀನಿ.”

ಹಾಗೆಂದು ಎದ್ದ. ಏಳುವುದೆಂದರೆ ಅವನಿಗೆ ಒಂದೇ ಕೆಲಸವಾಗಿರಲಿಲ್ಲ: ಮೊದಲು ಎರಡೂ ಕೈ ಮೇಜಿಗೆ, ಆಮೇಲೆ ಒಂದು ಮೊಣಕಾಲು, ಬಿಗಿಹಿಡಿದ ಉಸಿರು, ಕೊನೆಗೆ ಬೆನ್ನು. ಭಾಮೈದ ಅದನ್ನು ಪೂರ್ತಿ ನೋಡಿದ. ಲ್ಯಾಪ್‌ಟಾಪ್ ತೆರೆದು, ತನ್ನ ಚಿತ್ರದ ಮೇಲೆ ತಾನೇ ದೂರು ಬರೆದ.

ಸೈಟಿನಲ್ಲಿ ಹಬ್ಬವೋ ಹಬ್ಬ. ‘ಕತ್ತರಿ ಕೊನೆಗೂ ತನ್ನ ಬೆರಳನ್ನೇ ಕತ್ತರಿಸಿಕೊಂಡಿದೆ’ ಎಂದು ಒಬ್ಬ ಬರೆದ. ದಿನಾ ಸಂಜೆ ಚಹಾದ ಲೋಟ ಹಿಡಿದು ಮೂವರೂ ಪರದೆಯ ಮುಂದೆ ಕೂರುತ್ತಿದ್ದರು. ಭಾಮೈದ ಓದಿ ಹೇಳುತ್ತಿದ್ದ.

“ಇವನು ಹೇಳ್ತಾನೆ, ಬೊಂಬೆ ಸುಮ್ಮನೆ ಪಕ್ಕದಲ್ಲಿ ಬಿದ್ದಿದೆ, ಅದೇನು ದೊಡ್ಡ ವಿಷಯವಲ್ಲ, ಚಿತ್ರ ಇರಲಿ ಅಂತ.”

“ಅವನ ನಾಲಿಗೆ ಬಿದ್ದುಹೋಗ,” ಎಂದಳು ಅಕ್ಕ.

“ಇನ್ನೊಬ್ಬಳು ಒಪ್ಪಿಲ್ಲ. ಬೊಂಬೆ ಚಿತ್ರದ ನಟ್ಟನಡುವೆ ಇದೆ ಅಂತಾಳೆ.”

“ಬುದ್ಧಿವಂತೆ.”

ಮೂರನೆಯವನು ನಿಜಕ್ಕೂ ಅಪಾಯದವನು. ಬೊಂಬೆಯನ್ನು ಕತ್ತರಿಸಿ ಮುಖವನ್ನಷ್ಟೇ ಉಳಿಸೋಣ ಎಂದ. ಡ್ರೈವರ್ ಚಹಾದ ಲೋಟ ಕೆಳಗಿಟ್ಟ. ಈಗಿದ್ದದ್ದಕ್ಕಿಂತ ದೊಡ್ಡದಾಗಿ, ಬರೀ ಮುಖ! ಮಾರನೆಯ ಸಂಜೆ ಆ ಮನುಷ್ಯ ತನ್ನ ಪ್ರಯತ್ನವನ್ನು ತೋರಿಸಿದ. ಕೆನ್ನೆ ಎಲ್ಲಿ ಮುಗಿದು ನೀರಾನೆ ಎಲ್ಲಿ ಶುರುವಾಗುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಬೊಂಬೆಯ ಜೊತೆ ಅರ್ಧ ಬಾಯಿಯೂ ಹೋಗಿತ್ತು. ಇನ್ನೊಬ್ಬ ಬೊಂಬೆಯ ಜಾಗಕ್ಕೆ ಬೂದು ಬಣ್ಣ ಬಳಿದ. ಮೇಣದ ಮನುಷ್ಯ ಬಿಸಿಲಿಗೆ ಕರಗುತ್ತಿರುವಂತೆ ಕಂಡಿತು. ಎರಡೂ ಬೇಡವೆಂದಾಯಿತು.

ಕೊನೆಗೆ ಯಾರೋ ನ್ಯಾಯಯುತ ಬಳಕೆಯ ಮಾತೆತ್ತಿದರು. ಹಕ್ಕು ಬೇರೆಯವರದಾದರೂ, ತಿಳಿವಳಿಕೆಗೆ ಅಗತ್ಯವಿದ್ದರೆ ವಿಶ್ವಕೋಶದ ಪುಟದಲ್ಲಿ ಇಟ್ಟುಕೊಳ್ಳಬಹುದಲ್ಲ? ಅದಕ್ಕೆ ಬಂದ ಉತ್ತರವನ್ನು ಭಾಮೈದ ನಿಧಾನವಾಗಿ ಓದಿದ:

“‘ಬದಲಿಗೆ ಇನ್ನೊಂದು ಸಿಗುವುದೇ ಇಲ್ಲ ಎಂಬ ಚಿತ್ರಕ್ಕೆ ಮಾತ್ರ ಆ ರಿಯಾಯಿತಿ. ದಣಿದು ಮಲಗಿದ ಮನುಷ್ಯರಿಗೆ ಪ್ರಪಂಚದಲ್ಲಿ ಬರವಿಲ್ಲ. ಇವನೇ ಆಗಬೇಕೆಂದೇನೂ ಇಲ್ಲ.’”

“ಇನ್ನೊಂದ್ಸಲ ಓದು,” ಎಂದ ಡ್ರೈವರ್.

ಭಾಮೈದ ಓದಿದ.

“ನಾನೇ ಆಗಬೇಕೆಂದೇನೂ ಇಲ್ಲ!” ಡ್ರೈವರ್ ಮೇಜಿಗೆ ಗುದ್ದಿದ. “ಎಷ್ಟು ಚೆನ್ನಾಗಿ ಹೇಳಿದಾನೆ ನೋಡು, ಪುಣ್ಯಾತ್ಮ.”

“ಇದೇ ಮಾತು ನಾನು ಹೇಳಿದಾಗ ಎರಡು ದಿನ ಮಾತು ಬಿಟ್ಟಿದ್ರಿ,” ಎಂದಳು ಹೆಂಡತಿ.

ಚಿತ್ರ ಹೋದ ಸುದ್ದಿಯನ್ನು ಪ್ರೆಸ್ಸಿನವನು ಫೋನ್ ಮಾಡಿ ಹೇಳಿದ. ಡ್ರೈವರ್ ಆಗ ಡಿಪೋದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ.

“ಸಹಿ ಹಾಕೋಕ್ಕೆ ಅಂತ ಮೂಲ ತೆರೆದೆ ಕಣೋ. ಫೋಟೋನೇ ಇಲ್ಲ. ‘ಹಕ್ಕಿನ ತಕರಾರು, ತೆಗೆಯಲಾಗಿದೆ’ ಅಂತಿದೆ. ಮೇಡಂಗೆ ತೋರಿಸಿದೆ. ಕಾರ್ಟೂನ್ ಕಂಪನಿ ಅಂದ ಕೂಡಲೆ ಕರಡು ಕಿತ್ತುಕೊಂಡು ಹರಿದೇ ಹಾಕಿದ್ರು. ಬೇರೆ ಫೋಟೋ ಹುಡುಕ್ತಾರಂತೆ.”

ಡ್ರೈವರ್ ಬಸ್ಸಿನ ಮೆಟ್ಟಿಲ ಮೇಲೆ ಕೂತ. ನಲ್ಲಿ ನಿಲ್ಲಿಸುವುದನ್ನು ಮರೆತಿದ್ದ. ನೀರು ಸುರಿಯುತ್ತಲೇ ಇತ್ತು. ಅವನು ಒಬ್ಬನೇ ನಗುತ್ತ, ಒದ್ದೆ ಕೈಗಳಿಂದ ಮುಖವನ್ನು ಮತ್ತೆ ಮತ್ತೆ ಒರೆಸಿಕೊಂಡ. ತನ್ನ ಮುಖ ತನಗಷ್ಟೇ ಸೇರಿದ್ದು ಎಂಬುದು ಇಷ್ಟು ಖುಷಿಯ ಸಂಗತಿಯೆಂದು ಯಾರೂ ಹೇಳಿರಲಿಲ್ಲ.

ಭಾಮೈದನ ಆಟಿಕೆ ಚಿತ್ರಗಳಲ್ಲಿ ತಗಡಿನ ರೈಲುಗಳೂ ಮರದ ಕುದುರೆಗಳೂ ಉಳಿದವು, ಕಂಪನಿ ಬೊಂಬೆಗಳೆಲ್ಲ ಹೋದವು. “ಅವರ ಜಾಗದಲ್ಲಿ ನಾನಿದ್ರೂ ತೆಗೆಸ್ತಿದ್ದೆ,” ಎಂದ ಅವನು, ಊಟದ ತಟ್ಟೆಯಿಂದ ತಲೆ ಎತ್ತದೆ. ಭಾವ ತನ್ನ ಪಾಲಿನ ಸಿಹಿಯನ್ನು ಅವನ ತಟ್ಟೆಗೆ ಸರಿಸಿದ. ಅವನು ಬೇಡವೆನ್ನಲಿಲ್ಲ.

ಹುದ್ದೆಯ ಆದೇಶ ಬಂದ ಮೇಲೆ ಡ್ರೈವರ್ ಮೊದಲ ಸಲ ತರಬೇತಿ ಕೋಣೆಗೆ ಹೋದಾಗ ಪೋಸ್ಟರು ಆಗಲೇ ಗೋಡೆಯ ಮೇಲಿತ್ತು. ಅದೇ ಕೆಂಪು ಅಕ್ಷರ. ಕೆಳಗೆ ಗಡ್ಡದ ಮನುಷ್ಯನೊಬ್ಬ, ಯಾವ ಊರಿನವನೋ, ಸ್ಟೀರಿಂಗಿಗೆ ಹಣೆ ಹಚ್ಚಿ ಮಲಗಿದ್ದ. ಅವನನ್ನೂ ಯಾರೋ ಕೇಳಿರಬೇಕು, ಅವನೂ ‘ಹಾಕ್ಕೋ ಹೋಗು’ ಅಂದಿರಬೇಕು. ಡ್ರೈವರ್ ತುಂಬ ಹೊತ್ತು ಅದರ ಮುಂದೆ ನಿಂತ. ಹಿಂದೆ ಹೊಸಬರು ಬಂದು ಬೆಂಚುಗಳಲ್ಲಿ ಕೂತರು.

“ಇವನು ಮಾಡಿರೋ ತಪ್ಪೇನು?” ಎಂದು ಅವನು ತಿರುಗಿ ಕೇಳಿದ.

“ನಿದ್ದೆ ಮಾಡ್ತಿದಾನೆ ಸಾರ್,” ಎಂದಳು ಮುಂದಿನ ಬೆಂಚಿನ ಹುಡುಗಿ.

“ಹತ್ತಿರ ಬಂದು ನೋಡಮ್ಮ.”

ಅವಳು ಬಂದು, ಬಗ್ಗಿ, ಪೋಸ್ಟರಿನ ಮೂಲೆಮೂಲೆ ನೋಡಿದಳು. “ಹ್ಯಾಂಡ್‌ಬ್ರೇಕ್ ಎಳೆದಿದೆ ಸಾರ್. ಬಾಗಿಲೂ ತೆರೆದಿದೆ.”

“ಅಂದ್ರೆ ಗಾಡಿ ನಿಂತಿದೆ. ಸುಸ್ತಾಯ್ತು, ನಿಲ್ಲಿಸಿದ, ಮಲಗಿದ. ಮೊದಲನೇ ಪಾಠ ಇದೇ, ಬರ್ಕೊಳ್ಳಿ,” ಎಂದ ಡ್ರೈವರ್. “ಮೇಲೆ ಏನು ಬರೆದಿದೆಯೋ ಅದನ್ನ ಬಿಡಿ. ಇವನು ಮಾಡಿದ ಹಾಗೆ ಮಾಡಿ.”