ಆರ್ಲೀನಳ ಹತ್ತು ಸಿಲಿಂಡರ್

ಆರ್ಲೀನ್ ಕೊವಾಲ್ಚಿಕ್‌ಳ ಕೈಯಲ್ಲಿ ಕೆಂಪು ಪಟ್ಟಿ ಇರಲಿಲ್ಲ. ಮೂರು ಬೇಸಿಗೆಯಿಂದ ಹಳದಿಯೇ. ಈ ಕಾರ್ ಕ್ಲಬ್ಬಿನ ರೇಸ್ ಟ್ರ್ಯಾಕಿನಲ್ಲಿ ಹಳದಿ ಪಟ್ಟಿಯವರು ಮುಂದಿನ ಕಾರನ್ನು ನೇರ ದಾರಿಯಲ್ಲಿ ಮಾತ್ರ ದಾಟಬಹುದು, ಅದೂ ಮುಂದಿನವರು ಕೈ ತೋರಿಸಿ ದಾರಿ ಬಿಟ್ಟರೆ. ಕೆಂಪಿನವರು ಇಡೀ ಟ್ರ್ಯಾಕಿನಲ್ಲಿ ಎಲ್ಲಿ ಬೇಕಾದರೂ ದಾಟಬಹುದು. ಇವತ್ತು ಮಧ್ಯಾಹ್ನ ಮುಖ್ಯ ತರಬೇತುದಾರ ಬರ್ಡೆಟ್ ಅವಳ ಪಕ್ಕ ಕೂತು ನೋಡಿ, ಕೆಂಪು ಕೊಡಬೇಕೋ ಬೇಡವೋ ಎಂದು ತೀರ್ಮಾನ ಹೇಳುವವನಿದ್ದ.

ಅವಳು ಮಂಡಿಯೂರಿ ಟೈರಿನ ಗಾಳಿ ನೋಡುತ್ತಿದ್ದಳು. ಸುತ್ತ ನಿಂತ ಗಂಡಸರು ಸಾಸೇಜು ಬನ್ನು ತಿನ್ನುತ್ತ ಅವಳ ಕಾರಿನ ಜಾತಕ ಹೇಳುತ್ತಿದ್ದರು. ತೊಂಬತ್ತಮೂರನೇ ಇಸವಿಯ ಕಾರು. ಎಂಟು ಲೀಟರ್ ಇಂಜಿನ್ನು, ಹತ್ತು ಸಿಲಿಂಡರು. ಚಕ್ರ ಜಾರಿದರೆ ಕಾಪಾಡುವ ಎಲೆಕ್ಟ್ರಾನಿಕ್ ಸಾಧನ ಒಂದೂ ಇಲ್ಲ.

"ಇದು ನೆಟ್ಟಗೆ ಓಡೋಕಷ್ಟೇ. ತಿರುವು ಬಂದ್ರೆ ಲಾರಿ," ಅಂದ ಡ್ವೈಟ್. ಅವನದು ನೂರಹದಿನಾರು ಅಶ್ವಶಕ್ತಿಯ ಜಪಾನಿ ಪುಟಾಣಿ ಕಾರು.

"ಓಡ್ಸೋರಿಗೆ ಬರ್ಬೇಕು ಕಣಯ್ಯಾ. ಈಗಿನ ಕಾರನ್ನ ಕಂಪ್ಯೂಟರ್ ಓಡ್ಸುತ್ತೆ, ನೀವು ಸುಮ್ನೆ ಕೂತಿರ್ತೀರ," ಅಂದ ಲೈಲ್. ಅವನ ಬಳಿಯೂ ಇಂಥದೇ ಒಂದಿತ್ತು, ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು.

"ಮೊದ್ಲು ನಿನ್ನದನ್ನ ಹೊರಗೆ ತೆಗಿ, ಆಮೇಲೆ ಮಾತಾಡು," ಅಂದು ಡ್ವೈಟ್ ಅವಳತ್ತ ತಿರುಗಿದ. "ಆರ್ಲೀನ್, ನಿಜ ಹೇಳು, ಇದ್ರಲ್ಲಿ ಭಯ ಆಗಲ್ವಾ?"

"ದಿನಾ ಬೆಳಗ್ಗೆ ಐವತ್ತು ಮಕ್ಕಳನ್ನ ಬಸ್ಸಲ್ಲಿ ಸ್ಕೂಲಿಗೆ ಬಿಡ್ತೀನಿ. ಭಯ ಅಲ್ಲಿ. ಇದು ರಜ."

"ನಿನ್ನ ಹಿಂದೆ ಸಿಕ್ಕಾಕೊಂಡ್ರೆ ನಮ್ಮ ಕತೆ ಮುಗೀತು. ತಿರುವಲ್ಲೆಲ್ಲ ಅಡ್ಡ ಇರ್ತೀಯ, ನೇರ ದಾರಿ ಬಂದ್ರೆ ಹಾರೋಗ್ತೀಯ. ನಾವು ದಾಟೋದು ಯಾವಾಗ?"

"ದೊಡ್ಡ ಇಂಜಿನ್ ಹಾಕಿಸ್ಕೋ," ಅಂದಳು. ಗಂಡಸರು ನಕ್ಕರು. ಡ್ವೈಟ್ ಹೇಳಿದ್ದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಬರ್ಡೆಟ್ ಅವಳ ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು, ತೊಡೆಯ ಮೇಲೆ ಕೈಯಿಟ್ಟು ಕೂತ. ನಾಲ್ಕು ಸುತ್ತು ಹಾಗೇ ಕಳೆಯಿತು. ಐದನೆಯದರಲ್ಲಿ ಎಲ್ಲ ಕೂಡಿಬಂತು. ಚಕ್ರ ತಿರುಗದೆ ಕಚ್ಚಿಕೊಳ್ಳುವ ಕೂದಲೆಳೆಯಷ್ಟು ಮುಂಚೆ ಬ್ರೇಕು ಬಿಟ್ಟಳು. ಹಿಂಬದಿ ಜಾರಿದ್ದನ್ನು ಸ್ಟೀರಿಂಗಿನಲ್ಲೇ ಹಿಡಿದಳು. ಇಷ್ಟು ಚೆನ್ನಾಗಿ ಅವಳು ಎಂದೂ ಓಡಿಸಿರಲಿಲ್ಲ. ತನ್ನ ಹಳೆಯ ದಾಖಲೆಗಿಂತ ಒಂದು ಸೆಕೆಂಡು ಮುಂದಿದ್ದಾಳೆಂದು ಸುತ್ತಿನ ಸಮಯ ಎಣಿಸುವ ಗಡಿಯಾರ ತೋರಿಸಿತು.

ಕನ್ನಡಿಯಲ್ಲಿ ಡ್ವೈಟ್ ಇದ್ದ. ಒಂಬತ್ತನೇ ತಿರುವಿನಲ್ಲಿ ಹತ್ತಿರವಾದ. ಹತ್ತರಲ್ಲಿ ಇನ್ನೂ ಹತ್ತಿರ. ಹನ್ನೊಂದರಲ್ಲಿ ಅವನ ಹೆಲ್ಮೆಟ್ಟಿನ ಮೇಲಿನ ಗೀರು ಕಾಣಿಸಿತು.

ನೇರ ದಾರಿ ತೆರೆದುಕೊಂಡಿತು. ಬಲಗಾಲಲ್ಲಿ ಆಕ್ಸಿಲರೇಟರ್ ಒತ್ತಿದರೆ ಅವನು ಕನ್ನಡಿಯಲ್ಲಿ ಚುಕ್ಕೆಯಾಗುತ್ತಿದ್ದ. ಮೂರು ವರ್ಷ ಅವಳು ಮಾಡಿದ್ದು ಅದನ್ನೇ.

ಕಾಲನ್ನು ಅರ್ಧ ತೆಗೆದರೆ ಸಾಲದು. ಅರ್ಧದಲ್ಲೂ ಈ ಕಾರು ಅವನಿಗೆ ಸಿಗುವುದಿಲ್ಲ. ಅವಳು ಕಾಲನ್ನು ಪೂರ್ತಿ ತೆಗೆದಳು. ಎಡಗೈ ಹೊರಗೆ ಚಾಚಿ ಎಡಕ್ಕೆ ಬೆರಳು ತೋರಿಸಿದಳು. ಡ್ವೈಟ್ ನಂಬದೆ ಒಂದು ಕ್ಷಣ ತಡೆದ. ಆಮೇಲೆ ಪುಟಾಣಿ ಕೀರಲು ದನಿಯಲ್ಲಿ ಅರಚುತ್ತ ಪಕ್ಕದಲ್ಲೇ ಸರಿದು ಮುಂದೆ ಹೋಯಿತು.

ಕಾರು ನಿಲ್ಲಿಸಿದ ಮೇಲೆ ಬರ್ಡೆಟ್ ಜೇಬಿನಿಂದ ಕೆಂಪು ಪಟ್ಟಿ ತೆಗೆದು ಅವಳ ಮಣಿಕಟ್ಟಿಗೆ ಸುತ್ತಿದ.

"ಓಡ್ಸೋದು ಹೋದ ವರ್ಷಾನೇ ಬರ್ತಿತ್ತು ನಿಂಗೆ," ಅಂದು ಕಾಫಿಗೆ ಹೋದ.

ಆಚೆ ಡ್ವೈಟ್ ಹೆಲ್ಮೆಟ್ಟನ್ನೂ ತೆಗೆಯದೆ ಕೂಗುತ್ತಿದ್ದ. "ನೇರ ದಾರೀಲಿ ಕಣ್ರೋ! ಹತ್ತು ಸಿಲಿಂಡರನ್ನ ನೇರ ದಾರೀಲಿ ದಾಟ್ದೆ! ವಿಡಿಯೋ ಇದೆ, ಬನ್ನಿ!"

ಲೈಲ್ ತಲೆಯ ಮೇಲೆ ಕೈ ಹೊತ್ತು ಬಂದ. "ಯಾಕೆ ಬಿಟ್ಟೆ ಮಹಾತಾಯಿ? ಇವನು ಸಾಯೋ ತನಕ ಇದನ್ನೇ ಹೇಳ್ತಾನೆ."

"ಹೇಳ್ಲಿ ಬಿಡು."

"ಅವನನ್ನ ಬಿಟ್ಟಿದ್ದಕ್ಕೆ ಎಷ್ಟು ಟೈಮ್ ಹೋಯ್ತು?"

ಆರ್ಲೀನ್ ಬಗ್ಗಿ ಗಡಿಯಾರ ನೋಡಿದಳು.

"ನಾಲ್ಕೂಕಾಲು ಸೆಕೆಂಡು."